ಹಂದಿಯ ಬಾಲದ ಪಾಲು

ಕೊಡಗಿನಲ್ಲಿ ಬೇಟೆಗೆ ಅಡ್ಡಿಯಿಲ್ಲದ ಕಾಲ. ಕಾಫಿ ತೋಟದ ಹೊಸ ಮ್ಯಾನೇಜರ್ ಶಂಭುಲಿಂಗಯ್ಯ ಸಾಹೇಬರು ಪುಟ್ಟ ರೈಫಲ್ ಒಂದನ್ನು ತಂದಿದ್ದರು. ಅದರ ಗುಂಡು ಕಡಲೆಕಾಳಿನಷ್ಟು.

"ಕಾಡುಹಂದಿಗೆ ಇದೇ ಸಾಕು. ನೀನು ಪೊದೆಗೆ ನುಗ್ಗಿ ಹಂದಿ ಎಬ್ಬಿಸು," ಎಂದರು ಆಳಿಗೆ.

ಅಷ್ಟು ಸಣ್ಣ ಗುಂಡಿಗೆ ಹಂದಿ ಸಾಯದು ಎಂದು ಆಳಿಗೆ ಗೊತ್ತಿತ್ತು. ಅರೆಪೆಟ್ಟು ತಿಂದ ಹಂದಿ ಸೀಳುವುದು ಹತ್ತಿರ ಇದ್ದವನನ್ನೇ. ಒಲ್ಲೆ ಎಂದರೆ ಕೆಲಸ ಹೋಗುತ್ತದೆ.

"ಆಗಲಿ ಸಾಹೇಬ್ರೇ. ಆದ್ರೆ ನಮ್ಮಲ್ಲೊಂದು ಪದ್ಧತಿ ಉಂಟು. ಬಿದ್ದ ಹಂದಿಯ ಬಾಲ ಮೊದಲು ಮುಟ್ಟಿದವನಿಗೆ ಒಂದು ಪಾಲು ಹೆಚ್ಚು. ಆ ಮರ್ಯಾದೆ ಇವತ್ತು ನಿಮ್ಮದೇ. ಗುಂಡು ಹಾರಿಸಿದ ಕೂಡಲೇ ಓಡಿಬಂದು ಬಾಲ ಹಿಡೀರಿ. ಹಂದಿ ಎಬ್ಬಿಸಿ ನಾನು ಮರ ಹತ್ತಿಬಿಡ್ತೇನೆ. ಅಪ್ಪಿತಪ್ಪಿ ನನ್ನ ಕೈ ಮೊದಲು ತಾಗಬಾರದಲ್ಲ!"

ಸಾಹೇಬರು ರೈಫಲನ್ನು ನೋಡಿದರು. ಪೊದೆಯನ್ನು ನೋಡಿದರು.

"ಅಷ್ಟು ಹೊತ್ತಿಗೆ ಅದು... ಪೂರ್ತಿ ಸತ್ತಿರುತ್ತೆ ತಾನೇ?"

"ಇದೇ ಸಾಕು ಅಂದವರು ನೀವೇ ಅಲ್ವಾ?"

ಪೊದೆಯೊಳಗೆ ಏನೋ ಗುಟುರು ಹಾಕಿತು.

"ಇವತ್ತು ಬಿಸಿಲು ಜಾಸ್ತಿ ಕಣೋ," ಎಂದು ಸಾಹೇಬರು ಬಂಗಲೆಯ ದಾರಿ ಹಿಡಿದರು.

ಆಳು ರೈಫಲ್ ಹೊತ್ತು ಹಿಂದೆ ನಡೆದ. ನನ್ನ ಜೀವ ಹೋಗುತ್ತದೆ ಎಂದಿದ್ದರೆ ಅವರು ನಕ್ಕುಬಿಡುತ್ತಿದ್ದರು. ಅದಕ್ಕೇ ಅವನು ಅವರ ಜೀವವನ್ನೂ ನಡುವೆ ತಂದಿದ್ದ.