ಆನೆಯನ್ನು ಕೂರಿಸುವ ಮಾತು

ಬಿರುದು ಪಡೆದ ಪಂಡಿತರಿಗೆ ಅರಸರು ಆನೆಯ ಮೇಲೆ ಮೆರವಣಿಗೆ ಏರ್ಪಡಿಸಿದ್ದರು. ಮಾವುತ "ಬೈಠ್" ಎಂದ, ಆನೆ ಕೂತಿತು. ಪಂಡಿತರು ಹತ್ತಿ ಕುಳಿತು ಗದರಿದರು: "ಅದು ಹೊರಗಿನ ಮಾತು! ಇನ್ನೊಮ್ಮೆ ಆಡಿದರೆ ಕೆಲಸದಿಂದ ತೆಗೆಸುತ್ತೇನೆ. 'ಉಪವಿಶ' ಎನ್ನು."

"ಅಪ್ಪಣೆ, ಬುದ್ಧಿ."

ಮೆರವಣಿಗೆ ಮುಗಿಯಿತು. ಮಾವುತ ವಿನಯದಿಂದ "ಉಪವಿಶ" ಎಂದ. ಆನೆ ಕಿವಿ ಬೀಸುತ್ತ ನಿಂತೇ ಇತ್ತು. ಪಂಡಿತರೂ ಕೂಗಿದರು, ಅದು ಚಪ್ಪರದ ಬಾಳೆಕಂಬ ಕಿತ್ತು ತಿನ್ನತೊಡಗಿತು. ಭೋಜನಶಾಲೆಯಿಂದ ಹೋಳಿಗೆಯ ಘಮಲು ಬಂತು.

"ಬೈಠ್ ಅನ್ನಯ್ಯ!"

"ಹೊರಗಿನ ಮಾತು, ಬುದ್ಧಿ. ಕೆಲಸ ಹೋಗುತ್ತದೆ."

"ಯಾವುದಯ್ಯ ಹೊರಗಿನದು? ಅದು ಸಂಸ್ಕೃತದ 'ಉಪವಿಷ್ಟ'ದ ಮೊಮ್ಮಗು! ಹಿಂದಿಯ ಮನೆಯಲ್ಲಿ ಬೆಳೆದು ಸೊರಗಿದೆ, ಅಷ್ಟೇ!"

"ಅರಸರಿಗೂ ಕೇಳಿಸಲಿ, ಬುದ್ಧಿ."

ಪಂಡಿತರು ಆ ವಂಶಾವಳಿಯನ್ನು ಅರಮನೆಯ ಉಪ್ಪರಿಗೆಗೆ ಮುಟ್ಟುವಂತೆ ಕಿರುಚಿದರು. ಅರಸರು ನಗುತ್ತ ತಲೆದೂಗಿದ ಮೇಲೆಯೇ ಮಾವುತ ಬಾಯಿ ತೆರೆದ.

"ಬೈಠ್."