ಹುಳ ಬೇಡವೆಂದ ಅತ್ತಿಮರ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಥೆ ಹೇಳಿ ನನಗೆ ಅಭ್ಯಾಸವಿಲ್ಲ, ಚೆನ್ನಾಗಿ ಬರುವುದಿಲ್ಲ. ಅದಕ್ಕೇ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.

ಒಂದು ಅತ್ತಿಮರವನ್ನು ಪಕ್ಕದ ಮಾವಿನಮರ ದಿನವೂ ಹಂಗಿಸುತ್ತಿತ್ತು: "ನೋಡಲು ಕೆಂಪು ಹಣ್ಣು, ಬಿಚ್ಚಿದರೆ ಹುಳದ ಸಂತೆ! ಥೂ!" ನಾಚಿದ ಅತ್ತಿ ತನ್ನ ಕಾಯಿಗಳ ಬಾಗಿಲು ಮುಚ್ಚಿಕೊಂಡಿತು. ಬಾಗಿಲು ಎಂದರೆ ಕಾಯಿಯ ತುದಿಯ ಸಣ್ಣ ಕಂಡಿ. ಅತ್ತಿಯ ಹೂಗಳು ಕಾಯಿಯ ಒಳಗೇ ಇರುತ್ತವೆ, ಅಲ್ಲಿಗೆ ಹೋಗಲು ಹುಳಕ್ಕೆ ಅದೊಂದೇ ದಾರಿ.

ಆಗ ಸಾಸಿವೆಯಷ್ಟು ಚಿಕ್ಕ ಕಣಜವೊಂದು ಪರಾಗ ಹೊತ್ತು ಬಂತು.

"ಅತ್ತಿಯಕ್ಕಾ, ಬಾಗಿಲು ತೆಗಿ. ಸಂಜೆಗೆ ನನ್ನ ಆಯಸ್ಸು ಮುಗಿಯುತ್ತದೆ, ಅಷ್ಟರಲ್ಲಿ ಮೊಟ್ಟೆಯಿಡಬೇಕು."

"ಹುಳಕ್ಕೆ ಇಲ್ಲಿ ಜಾಗವಿಲ್ಲ. ನನಗೂ ಮಾನವಿದೆ."

"ಮಾನದಿಂದ ಕಾಯಿ ಹಣ್ಣಾಗುತ್ತದೆಯೇ, ತಾಯಿ? ನಿನ್ನ ಹೂವಿಗೆ ಪರಾಗ ತರುವವರು ನಾವು ಬಿಟ್ಟರೆ ಯಾರಿದ್ದಾರೆ?"

ಬಾಗಿಲು ತೆರೆಯಲಿಲ್ಲ. ಕಣಜ ಹೊಸ್ತಿಲಲ್ಲೇ ಸತ್ತಿತು. ಕಾಯಿಗಳು ಹಣ್ಣಾಗದೆ ಉದುರಿದವು. ಹಣ್ಣಿಲ್ಲವೆಂದು ಹಕ್ಕಿಗಳು ಬೇರೆ ಕಡೆ ಹೋದವು.

ಮುಂದೆ ಮಾವು ಚಿಗುರಿದಾಗ ಕಂಬಳಿಹುಳುಗಳು ಮುತ್ತಿ ಎಲೆ ತಿನ್ನತೊಡಗಿದವು.

"ಅತ್ತೀ, ಸಾಯುತ್ತೇನೆ! ನಿನ್ನ ಹಕ್ಕಿಗಳನ್ನು ಕರೆಯೇ!"

"ಏನು ಬಡಿಸಲೆಂದು ಕರೆಯಲಿ, ಮಾರಾಯ?"

ಅಂದರೆ, ಕಣಜವಿಲ್ಲದೆ ಹಣ್ಣಿಲ್ಲ, ಹಣ್ಣಿಲ್ಲದೆ ಹಕ್ಕಿಯಿಲ್ಲ. ಇರಿ, ಮನೆಯವಳು ಕೂಗುತ್ತಿದ್ದಾಳೆ. ನಮ್ಮ ಮಾವಿಗೆ ಹುಳದ ಔಷಧಿ ಹೊಡೆಯುವವನು ಬಂದೇಬಿಟ್ಟನಂತೆ. ಬೇಡವೆಂದು ಹೇಳಿದ್ದೆನಲ್ಲ! ಓಡಿಹೋಗಿ ತಡೆಯಬೇಕು. ಒಟ್ಟಿನಲ್ಲಿ ನೀತಿ ಏನೆಂದರೆ, ಹಕ್ಕಿಯಿಲ್ಲದೆ—