ತಣ್ಣೊಲೆ ಗುಡ್ಡ

ಎರಿಹಾಳದ ಮೂಡಣ ದಿಕ್ಕಿಗೆ, ಕಡಲೆ ಹೊಲಗಳ ನಡುವೆ ಒಂದು ಬೋಳು ಗುಡ್ಡವಿದೆ. ಅದಕ್ಕೆ ತಣ್ಣೊಲೆ ಗುಡ್ಡವೆಂದು ಹೆಸರು. ಊರು ದೊಡ್ಡದೇನಲ್ಲ, ಒಂದು ಕೊನೆಯಲ್ಲಿ ನಿಂತು ಕೂಗಿದರೆ ಇನ್ನೊಂದು ಕೊನೆಯವರು ಓಗೊಡಬಹುದು. ಸುತ್ತ ಕಪ್ಪು ಎರೆಭೂಮಿ, ಹಿಂಗಾರಿಗೆ ಬಿಳಿಜೋಳ, ಬದುವಿನ ಅಂಚಿಗೆ ಕುಸುಬೆ. ಬೆಳಿಗ್ಗೆ ಹಾಲಿನ ಗಾಡಿ ಬಂದು ಹೋಗುತ್ತದೆ, ಕರೆಂಟು ಇದ್ದಾಗ ಹಿಟ್ಟಿನ ಗಿರಣಿ ತಿರುಗುತ್ತದೆ, ಗೊಬ್ಬರದ ಅಂಗಡಿಯ ಕಟ್ಟೆಯ ಮೇಲೆ ಕುಳಿತವರು ಮೋಡ ನೋಡುತ್ತ ಯಾರ ಮಗಳಿಗೆ ಯಾವ ಊರಿನ ಗಂಡು ಬಂದಿದೆಯೆಂದು ಚರ್ಚಿಸುತ್ತಾರೆ. ಇಲ್ಲಿ ಎಲ್ಲರಿಗೂ ಎಲ್ಲರ ಅಜ್ಜಿಯ ತವರು ಗೊತ್ತು. ಜನಗಣತಿ ನಡೆದಾಗಲೆಲ್ಲ ತಲೆಗಳು ಹಿಂದಿಗಿಂತ ಕಡಿಮೆಯೇ ಸಿಗುತ್ತವೆ, ಮಕ್ಕಳಿಲ್ಲದೆ ಸಾಲಿಯ ಒಂದು ಕೋಣೆಗೆ ಬೀಗ ಬಿದ್ದು ಬಹಳ ದಿನವಾಯಿತು. ಆದರೂ ಊರಿನ ಜಂಬಕ್ಕೆ ಕೊರತೆಯಿಲ್ಲ. ನಮ್ಮದು ಹಳ್ಳಿಯಲ್ಲ, ಸಂತೆ ಊರು ಎನ್ನುತ್ತಾರೆ. ಶನಿವಾರದ ಸಂತೆ ಹೇಗೆ ಬಂತೆಂದು ಕೇಳಿದರೆ ನಾಯಕರ ಕಾಲದಿಂದ ಹೇಳಲು ಶುರುಮಾಡುತ್ತಾರೆ. ಗುಡ್ಡಕ್ಕೆ ಆ ಹೆಸರು ಹೇಗೆ ಬಂತೆಂದು ಕೇಳಿದರೆ ಚಹಾ ಕುಡೀರಿ ಎನ್ನುತ್ತಾರೆ. ಎರಡೂ ಒಂದೇ ಕಥೆಯಾದ್ದರಿಂದ ಹೀಗೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಆಳುತ್ತಿದ್ದ ನಾಯಕನು ಒಂದು ಅಪ್ಪಣೆ ಹೊರಡಿಸಿದನಂತೆ. ಯಾವ ಊರಿನಲ್ಲಿ ನೂರು ಒಲೆ ಉರಿಯುತ್ತವೆಯೋ ಆ ಊರಿಗೆ ಸಂತೆ ನಡೆಸುವ ಹಕ್ಕು. ಜನರ ಬಾಯಿಮಾತನ್ನು ನಂಬುವವರ ಪೈಕಿ ಅವನಲ್ಲ. ಅವನ ಎಣಿಕೆಯವನು ಬೆಳಗಿನ ಜಾವ ಊರ ಸಮೀಪದ ದಿಬ್ಬ ಹತ್ತಿ, ಮನೆಗಳಿಂದ ಏಳುವ ಹೊಗೆಯನ್ನು ಎಣಿಸುತ್ತಿದ್ದ. ಮನುಷ್ಯರು ಸುಳ್ಳು ಹೇಳಿದರೂ ಹೊಗೆ ಹೇಳುವುದಿಲ್ಲವೆಂದು ನಾಯಕನ ನಂಬಿಕೆ. ಎರಿಹಾಳದ ಗೌಡ ಅಂದಾನಗೌಡನು ತನ್ನ ಊರನ್ನು ಮನಸ್ಸಿನಲ್ಲೇ ಒಮ್ಮೆ ಸುತ್ತಿ ಬಂದು ನೋಡಿದ, ಒಲೆಗಳು ಸಾಲವು. ಜನ ಕಡಿಮೆಯೆಂದಲ್ಲ, ಒಂದೊಂದು ಒಲೆಯ ಮುಂದೆ ಜನ ಹೆಚ್ಚು. ಗೌಡನ ಮನೆಯಲ್ಲೇ ಐದು ಮಂದಿ ಅಣ್ಣತಮ್ಮಂದಿರು ಒಂದೇ ಒಲೆಯ ರೊಟ್ಟಿ ತಿನ್ನುತ್ತಿದ್ದರು. ಒಂದು ಬೆಳಗಿನ ಮಟ್ಟಿಗೆ ಐದು ಒಲೆ ಹೂಡಿದರೆ ಆಗಿಹೋಗುತ್ತಿತ್ತು. ಆದರೆ ಈ ಭಾಗದಲ್ಲಿ ಒಲೆ ಬೇರೆಯಾಯಿತೆಂದರೆ ಮನೆ ಬೇರೆಯಾದಂತೆ, ಹೊಲ ಹಂಚಿಹೋದಂತೆ. ಒಂದು ಸಲ ಹೂಡಿದ ಒಲೆಯನ್ನು ಕಿರಿಯ ತಮ್ಮ ಮತ್ತೆ ಕೆಡಿಸಲು ಒಪ್ಪಿಯಾನೇ ಎಂಬ ಅಂಜಿಕೆ ಪ್ರತಿ ಮನೆಯ ಹಿರಿಯನಿಗೂ ಇತ್ತು. ಸಂತೆ ಎಲ್ಲರಿಗೂ ಬೇಕು, ಒಲೆ ಒಡೆಯಲು ಯಾರೂ ತಯಾರಿಲ್ಲ. ಆಗ ಅವರ ಕಣ್ಣು ಹಳ್ಳದ ಆಚೆ ಬಿಡಾರ ಹೂಡಿದ್ದ ಕೊಯ್ಲಿನವರ ಮೇಲೆ ಬಿತ್ತು.

ಆ ಕೊಯ್ಲಿನವರು ಜೋಳ ಹಾಲುಗಟ್ಟುವ ಹೊತ್ತಿಗೆ ಬಂದು, ಕಣದ ಕೆಲಸ ಮುಗಿದ ಮೇಲೆ ಮುಂದಿನ ಊರಿಗೆ ಹೋಗುವ ಜನ. ಅವರಲ್ಲಿ ಹಿರಿಯಳು ಗಾಳೆವ್ವ. ಕುಡಗೋಲು ಹಿಡಿದರೆ ಎರಡಾಳಿನ ಕೆಲಸ, ಬಾಯಿ ತೆರೆದರೆ ನಾಲ್ಕಾಳಿನ ಮಾತು. ಗಂಡ ಯಾವುದೋ ಊರಿನ ಹೊಲದಲ್ಲಿ ತೀರಿಕೊಂಡಾಗ, ಪರವೂರಿನ ಹೆಣಕ್ಕೆ ನಮ್ಮ ನೆಲದಲ್ಲಿ ಜಾಗವಿಲ್ಲವೆಂದು ಅಲ್ಲಿಯವರು ಹೇಳಿದ್ದರು. ಮಗನನ್ನು ಕಳೆದುಕೊಂಡದ್ದೂ ಅಂಥದೇ ಇನ್ನೊಂದು ಊರಿನಲ್ಲಿ. ಈಗ ಅವಳಿಗೆಂದು ಉಳಿದವಳು ಸೊಸೆ ನಿಂಬೆವ್ವ ಒಬ್ಬಳೇ, ಅವಳೂ ತುಂಬಿದ ಬಸುರಿ. ಯಾವ ಊರಿಗೆ ಹೋದರೂ ಬಾವಿಕಟ್ಟೆಯಲ್ಲಿ ಮೊದಲು ಕೇಳುವ ಮಾತೆಂದರೆ ನಿಮ್ಮದು ಯಾವೂರು ಎಂಬುದು. ಗಾಳೆವ್ವ ಅದಕ್ಕೆ ನಗೆಯಾಡಿ, ಎತ್ತು ನಿಂತದ್ದೇ ನಮ್ಮೂರು ಎಂದು ತೇಲಿಸಿಬಿಡುತ್ತಿದ್ದಳು. ಒಳಗೆ ಮಾತ್ರ ಆ ಪ್ರಶ್ನೆ ಪ್ರತಿ ಸಲವೂ ಚುಚ್ಚುತ್ತಿತ್ತು. ಹುಟ್ಟುವ ಕೂಸಾದರೂ ಒಂದು ಊರಿನ ಹೆಸರು ಹೇಳುವಂತಾಗಬೇಕು ಎನ್ನುವುದಷ್ಟೇ ಅವಳ ಆಸೆ.

ಅಂದಾನಗೌಡನು ತಾನೇ ಹಳ್ಳ ದಾಟಿ ಬಿಡಾರಕ್ಕೆ ಬಂದ. ಗೌಡನೊಬ್ಬ ಕೊಯ್ಲಿನವರ ಮುಂದೆ ನೆಲದ ಮೇಲೆ ಕುಳಿತದ್ದನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ಗುಡ್ಡದ ಬುಡದಲ್ಲಿ ಒಂದೊಂದು ಸಂಸಾರಕ್ಕೂ ಮನೆ ಕಟ್ಟಲು ಜಾಗ ಕೊಡುವುದಾಗಿ, ಕೆರೆಯ ನೀರಿಗೆ, ಊರ ಸ್ಮಶಾನಕ್ಕೆ ಹಕ್ಕು ಕೊಡುವುದಾಗಿ ಹೇಳಿದ. ಉಳಿದವರು ಜಾಗದ ಮಾತಿಗೆ ಮರುಳಾದರೆ ಗಾಳೆವ್ವ ಸ್ಮಶಾನದ ಮಾತಿಗೆ ಮನಸೋತಳು. ಆದರೂ ಅವಳು ಜಾಣೆ. ಈ ಸೀಮೆಯಲ್ಲಿ ಹೊಸದಾಗಿ ನೆಲೆನಿಂತವರ ಒಲೆಗೆ ಊರಿನ ಒಂದು ಮನೆಯಿಂದ ಕೆಂಡ ಕೊಡುವ ಪದ್ಧತಿಯಿತ್ತು. ಕೆಂಡ ಕೊಟ್ಟ ಮೇಲೆ ಅವರು ಊರವರೇ. ಕಳ್ಳತನ ಮಾಡಿದರೂ ದಂಡ ಹಾಕಬಹುದೇ ಹೊರತು ಹೊರಗೆ ಹಾಕುವಂತಿಲ್ಲ. ಕೆಂಡ ಯಾವ ಮನೆಯಿಂದ ಬರುತ್ತದೆ ಎಂದು ಅವಳು ಕೇಳಿಯೇಬಿಟ್ಟಳು. ನನ್ನ ಮನೆಯಿಂದಲೇ, ಮೊದಲು ಗುಡಿಸಲು ಏಳಲಿ ಎಂದ ಗೌಡ.

ಗುಡಿಸಲುಗಳು ಎದ್ದವು. ಗುಡ್ಡದಿಂದ ಕಲ್ಲು ಉರುಳಿಸಿ ತಂದು ಮೂರು ಮೂರಾಗಿ ಒಲೆ ಹೂಡಿದರು. ಕೆಲಸ ಮುಗಿದದ್ದು ಅಮಾವಾಸ್ಯೆಯ ದಿನ. ಗಾಳೆವ್ವ ಕೆಂಡಕ್ಕೆಂದು ಒಡೆದ ಗಡಿಗೆಯ ಚೂರು ಹಿಡಿದು ಗೌಡನ ಬಾಗಿಲಿಗೆ ಹೋದಾಗ ಅವನು ಹಣೆ ಚಚ್ಚಿಕೊಂಡು, ಅಮಾವಾಸ್ಯೆಯಂದು ಯಾರ ಮನೆಯಿಂದಲೂ ಬೆಂಕಿ ಹೊರಗೆ ಹೋಗುವುದಿಲ್ಲವೆಂಬುದನ್ನು ನೆನಪಿಸಿದ. ಪಾಡ್ಯದ ದಿನ ಎಣಿಕೆಯವನು ಬರುವವನಿದ್ದ, ಅಂದು ಗದ್ದಲ. ಬಿದಿಗೆಯಂದು ತಾನೇ ಕೆಂಡ ಹೊತ್ತು ತರುವುದಾಗಿ ಮಾತುಕೊಟ್ಟ. ಸದ್ಯಕ್ಕೆ ಚಕಮಕಿ ಕಲ್ಲಿನಿಂದ ಹೊತ್ತಿಸಿಕೊಳ್ಳಿರಿ ಎಂದ. ಗಾಳೆವ್ವನಿಗೆ ಸಂಶಯ ಬರಲಿಲ್ಲ. ಅವಳೂ ಅದೇ ಮಣ್ಣಿನ ಹೆಂಗಸು, ಅಮಾವಾಸ್ಯೆಯಂದು ಉಪ್ಪು, ಮಜ್ಜಿಗೆ, ಬೆಂಕಿ ಕೊಡಬಾರದೆಂದು ಸೊಸೆಗೆ ಹೇಳಿಕೊಟ್ಟವಳೇ ಅವಳು. ಬೇರೆ ಸೀಮೆಯವಳಾಗಿದ್ದರೆ ಬಹುಶಃ ಜಗಳ ತೆಗೆದಿರುತ್ತಿದ್ದಳು. ಇವಳು ತಪ್ಪಾಯಿತೆಂದು ಹೇಳಿ, ಬರಿಯ ಚೂರು ಹಿಡಿದುಕೊಂಡು ತಿರುಗಿ ಬಂದಳು.

ಪಾಡ್ಯದ ಬೆಳಗು ಗುಡ್ಡದ ಬುಡದಲ್ಲಿ ಹೊಗೆ ದಟ್ಟವಾಗಿ ಎದ್ದಿತು. ಕಾಣಲಿ ಎಂದು ಗೌಡನ ಆಳುಗಳು ಹಸಿ ಬೇವಿನ ಸೊಪ್ಪು ತುರುಕಿಸಿದ್ದರು. ಎಲ್ಲರೂ ಕೆಮ್ಮುತ್ತ ಕಣ್ಣೊರೆಸಿಕೊಳ್ಳುತ್ತಿರುವಾಗ ನಿಂಬೆವ್ವನಿಗೆ ನೋವು ಬಂದು, ಹೊತ್ತೇರುವ ಮೊದಲೇ ಹೆಣ್ಣುಕೂಸು ಹುಟ್ಟಿತು. ಎಣಿಕೆಯವನು ಗೌಡನ ಜೊತೆ ಗುಡ್ಡ ಇಳಿದು ಬರುವ ದಾರಿ ಆ ಗುಡಿಸಲಿನ ಮುಂದೆಯೇ ಇತ್ತು. ಕೂಸಿನ ಅಳು ಕೇಳಿ ಅವನು ನಿಂತ. ಬಾಗಿಲಲ್ಲಿ ಕೈ ತೊಳೆಯುತ್ತಿದ್ದ ಮುದುಕಿಯನ್ನು ಕಂಡು, ಹೊಸ ಗುಡಿಸಲುಗಳನ್ನೂ ಕಂಡು, ಎಲ್ಲರೂ ಕೇಳುವುದನ್ನೇ ಕೇಳಿದ. ನಿನ್ನದು ಯಾವೂರು?

ಗಾಳೆವ್ವ ನೆಟ್ಟಗೆ ನಿಂತಳು. "ಎರಿಹಾಳರಿ" ಎಂದಳು.

ಎಣಿಕೆಯವನು ಗೌಡನ ಮುಖ ನೋಡಿದ. "ಹೌದ್ರಿ, ನಮ್ಮಾಕಿನ" ಎಂದ ಅಂದಾನಗೌಡ. ಅವನ ಧ್ವನಿಯಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ ಎನ್ನುತ್ತಾರೆ. ಸಂತೆ ಮಂಜೂರಾಯಿತು. ಆ ದಿನ ಗಾಳೆವ್ವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗುಡಿಸಲಿನಿಂದ ಗುಡಿಸಲಿಗೆ ಹೋಗಿ, ನನ್ನ ಮೊಮ್ಮಗಳು ಎರಿಹಾಳದಾಕಿ ಎಂದು ಹೇಳಿದಳು. ಕೇಳಿದವರಿಗೇ ಮತ್ತೆ ಹೇಳಿದಳು. ಅಷ್ಟೊಂದು ಸಂತೋಷವನ್ನು ಅವಳ ಮುಖದಲ್ಲಿ ನಿಂಬೆವ್ವ ಅದೇ ಮೊದಲು ನೋಡಿದ್ದು, ಅದೇ ಕೊನೆಯೂ ಆಯಿತು.

ಬಿದಿಗೆಯ ಬೆಳಿಗ್ಗೆ ಗಾಳೆವ್ವ ಅಂಗಳ ಸಾರಿಸಿ, ಒಲೆಯ ಕಲ್ಲಿಗೆ ಸುಣ್ಣದ ಬೊಟ್ಟಿಟ್ಟು, ಕೂಸಿಗೆ ಎರೆಯಲು ನೀರು ಕಾಯಲಿಟ್ಟು ಕೆಂಡದ ದಾರಿ ಕಾಯುತ್ತ ಕುಳಿತಳು. ಊರ ಕಡೆಯಿಂದ ಹೆಂಗಸರ ಸಾಲು ಬರುವುದು ಕಂಡಿತು. ಗೌಡನೊಬ್ಬನೇ ಅಲ್ಲ, ಊರಿಗೆ ಊರೇ ಕೆಂಡ ತರುತ್ತಿದೆಯೆಂದು ಅವಳು ಎದ್ದು ಸೆರಗು ಸರಿಮಾಡಿಕೊಂಡಳು. ಹತ್ತಿರ ಬಂದಾಗ ಅವರ ತಲೆಯ ಮೇಲೆ ಇದ್ದದ್ದು ನೀರಿನ ಕೊಡಗಳು. ಹಿಂದೆ ಗೌಡ, ಅವನ ಹಿಂದೆ ಬಡಿಗೆ ಹಿಡಿದ ಆಳುಗಳು. ಸಂತೆಯ ಅಂಗಡಿ ಸಾಲಿಗೆ ಗುಡ್ಡದ ಬುಡವೇ ಸರಿಯಾದ ಜಾಗವೆಂದು ಹಿರಿಯರು ತೀರ್ಮಾನಿಸಿದ್ದರು. ಅದು ಬಾಯಿಂದ ಹೇಳಿದ ಕಾರಣ. ಇವರು ಊರವರಾಗಿಬಿಟ್ಟರೆ ನಾಳೆ ಕೆರೆ ನೀರಿನಲ್ಲಿ ಪಾಲು ಕೇಳುತ್ತಾರೆ, ಕೊಯ್ಲಿಗೆ ಕರೆದರೆ ಬರುವುದಿಲ್ಲ ಎಂಬುದು ಹೇಳದ ಕಾರಣ. ಅಣ್ಣತಮ್ಮಂದಿರ ನಡುವೆಯೇ ಒಲೆ ಹಂಚಿಕೊಳ್ಳಲಾರದ ಊರು ಪರಕೀಯರ ಜೊತೆ ಕೆರೆ ಹಂಚಿಕೊಂಡೀತೇ?

ಗಾಳೆವ್ವ ಕಿರುಚಲಿಲ್ಲ. ನಿನ್ನೆ ಎಣಿಕೆಯವನ ಮುಂದೆ ನೀವೇ ನಮ್ಮಾಕಿ ಅಂದಿರಲ್ಲ ಎಂದು ಕೇಳಿದಳು. ಅಂದಾನಗೌಡನು ತಾಳ್ಮೆಯಿಂದಲೇ ಉತ್ತರ ಕೊಟ್ಟ.

"ಮಾತಿಂದ ಯಾರೂ ಊರವರು ಆಗೂದಿಲ್ಲವ್ವ. ನಿನಗ ಕೆಂಡ ಕೊಟ್ಟವರ್ಯಾರು, ಅವರ ಮನೀ ತೋರಿಸು."

ಅವಳು ತೋರಿಸಲಾರಳೆಂಬುದು ಇಬ್ಬರಿಗೂ ಗೊತ್ತಿತ್ತು. ಪದ್ಧತಿಯ ಪ್ರಕಾರ ಗೌಡ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ; ನೀಚತನವನ್ನು ಇಷ್ಟು ನೇಮದಿಂದ ಮಾಡಿದವರು ಕಡಿಮೆ. ಪರರ ಒಲೆಯನ್ನು ಗಂಡಸರು ಮುಟ್ಟಬಾರದೆಂದು ನೀರು ಸುರಿಯುವ ಕೆಲಸವನ್ನು ಹೆಂಗಸರಿಗೆ ಹಚ್ಚಿದ್ದ. ಸಾಲಾಗಿ ಒಂದೊಂದೇ ಒಲೆ ಚುರ್ ಎಂದು ಆರಿತು. ಒಲೆಗೆ ನೀರು ಹೊಯ್ಯುವುದು ಸಾವಾದ ಮನೆಯಲ್ಲಿ ಮಾತ್ರ. ಸುರಿಯುವವರಿಗೂ ಅದು ಗೊತ್ತಿದ್ದರಿಂದ ಯಾರೂ ತಲೆಯೆತ್ತಲಿಲ್ಲ. ಗೌಡನ ಕಿರಿಯ ಸೊಸೆ ಗಾಳೆವ್ವನ ಒಲೆಯ ಮುಂದೆ ಬಂದು, ಮೇಲೆ ಕಾಯುತ್ತಿದ್ದ ಕೂಸಿನ ನೀರು ಕಂಡಳು. ಸುರಿಯಲೂ ಆಗದೆ, ಹಿಂದಿರುಗಲೂ ಆಗದೆ ನಿಂತಳು.

ಗಾಳೆವ್ವ ಕಾದ ನೀರನ್ನು ಇಳಿಸಿ, ತಡಮಾಡದೆ ಅಲ್ಲೇ ಕಾಲು ಚಾಚಿ ಕುಳಿತು ಕೂಸಿಗೆ ಎರೆದಳು. ಅದನ್ನು ಬಟ್ಟೆಯಲ್ಲಿ ಸುತ್ತಿ ನಿಂಬೆವ್ವನ ಕೈಗೆ ಕೊಟ್ಟಳು. ಆಮೇಲೆ ಆ ಹುಡುಗಿಯ ಕೈಯಿಂದ ಕೊಡ ಇಸಿದುಕೊಂಡಳು. "ನಿನ್ನ ಕೈಲಿ ಬ್ಯಾಡವ್ವ. ನೀನು ಇಲ್ಲೇ ಬಾಳೇ ಮಾಡಬೇಕು" ಎಂದು ಹೇಳಿ ತನ್ನ ಒಲೆಯನ್ನು ತಾನೇ ಆರಿಸಿದಳು. ಒಂದು ದಿನದ ಕೂಸನ್ನೂ ಹಸಿ ಬಾಣಂತಿಯನ್ನೂ ಬಂಡಿಯಲ್ಲಿ ಮಲಗಿಸಿಕೊಂಡು ಆ ಜನ ಹೊರಟುಹೋದರು. ಯಾವ ದಿಕ್ಕಿಗೆ ಹೋದರೆಂದು ಯಾರೂ ನೋಡಲಿಲ್ಲ, ಯಾರೂ ಕೇಳಲಿಲ್ಲ.

ಗಾಳೆವ್ವ ಶಾಪ ಹಾಕಿದಳೆಂದು ಹೇಳುವವರಿದ್ದಾರೆ. ಹಾಕಲಿಲ್ಲ. ಹಾಕಿದ್ದರೆ ಊರಿಗೆ ಎಷ್ಟೋ ಸಮಾಧಾನವಿರುತ್ತಿತ್ತು, ಒಂದು ಗುಡಿ ಕಟ್ಟಿ ಕಾಯಿ ಒಡೆದು ಮುಗಿಸಿಬಿಡುತ್ತಿದ್ದರು. ಆಗಬಾರದ್ದು ಏನೂ ಆಗಲಿಲ್ಲ. ಮಳೆ ಬಂತು, ಬೆಳೆ ಬಂತು, ಸಂತೆ ನೆರೆಯಿತು, ಅಂದಾನಗೌಡ ತುಂಬು ವಯಸ್ಸಿನಲ್ಲಿ ತನ್ನ ಹಾಸಿಗೆಯಲ್ಲೇ ಸತ್ತ. ಗುಡ್ಡಕ್ಕೆ ಭಾಗ್ಯದ ಗುಡ್ಡವೆಂದು ಹೆಸರಿಡಬೇಕೆಂದು ಅವನು ಡಂಗುರ ಹೊಡೆಸಿದ್ದನಂತೆ. ಗಂಡಸರು ಕೆಲವು ಕಾಲ ಹಾಗೆ ಕರೆದರು. ಆದರೆ ನೀರು ಸುರಿದ ಹೆಂಗಸರು ಸಗಣಿ ಆರಿಸಲು ಹೋಗುವಾಗ, ಕಳೆ ತೆಗೆಯಲು ಹೋಗುವಾಗ ತಣ್ಣೊಲೆಯ ಕಡೆ ಹೋಗುತ್ತೇವೆ ಎನ್ನುತ್ತಿದ್ದರು. ತಮ್ಮ ಸೊಸೆಯಂದಿರಿಗೂ ಅದನ್ನೇ ಕಲಿಸಿದರು. ಡಂಗುರದ ಹೆಸರು ಸತ್ತುಹೋಯಿತು, ಇವರದ್ದು ಉಳಿಯಿತು.

ಅಂಗಡಿ ಸಾಲು ಅಲ್ಲಿಗೆ ಬರಲೇ ಇಲ್ಲ. ಆ ಕಲ್ಲುಗಳನ್ನು ಕಿತ್ತು ಜಾಗ ಹದಮಾಡಲು ಯಾರ ಮನೆಯ ಹೆಂಗಸರೂ ತಮ್ಮ ಗಂಡಸರನ್ನು ಬಿಡಲಿಲ್ಲವೆಂದು ಹೇಳುತ್ತಾರೆ. ಇವತ್ತಿಗೂ ಹೋದವರಿಗೆ ಗುಡ್ಡದ ಬುಡದಲ್ಲಿ ಮೂರು ಮೂರಾಗಿ ಹೂತ ಕಲ್ಲುಗಳು ಸಾಲಾಗಿ ಕಾಣುತ್ತವೆ; ನಡುವೆ ಹುಲ್ಲು ಬೆಳೆದಿದೆ, ಆಡು ಮೇಯುತ್ತವೆ. ಸುಗ್ಗಿಯ ಹೊತ್ತಿಗೆ ಹೋದರೆ ಇನ್ನೊಂದನ್ನೂ ನೋಡಬಹುದು. ಜೋಳ ಕೊಯ್ಯಲು ಈಗಲೂ ದೂರದಿಂದ ಟ್ರ್ಯಾಕ್ಟರಿನಲ್ಲಿ ಜನ ಬರುತ್ತಾರೆ, ಹಳ್ಳದ ಆಚೆ ಇಳಿಯುತ್ತಾರೆ. ಪಾತ್ರೆ, ಹಾಸಿಗೆ, ಕೂಸುಗಳ ಜೊತೆಗೆ ಒಲೆಯ ಕಲ್ಲುಗಳನ್ನೂ ಇಳಿಸಿಕೊಳ್ಳುತ್ತಾರೆ. ಹೋಗುವಾಗ ಮರೆಯದೆ ಹೇರಿಕೊಂಡು ಹೋಗುತ್ತಾರೆ. ಇಡೀ ಗುಡ್ಡವೇ ಕಲ್ಲಿರುವಾಗ ಇದೇನು ಹುಚ್ಚು ಎಂದು ಊರಿನ ಹುಡುಗರು ಅವರನ್ನು ಕೀಟಲೆ ಮಾಡುತ್ತಾರೆ. ಹಿರಿಯರು ಮಾಡುವುದಿಲ್ಲ. ಒಮ್ಮೆ ಹೊಸದಾಗಿ ಬಂದ ಸಾಲಿ ಮಾಸ್ತರು ಒಬ್ಬ ಕೊಯ್ಲಿನ ಹೆಂಗಸನ್ನು ಇದೇ ಪ್ರಶ್ನೆ ಕೇಳಿದರಂತೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, "ನಿಮ್ಮೂರ ಜ್ವಾಳ ಕೊಯ್ತೀವ್ರಿ, ಕೂಲಿ ಇಸ್ಕೋತೀವ್ರಿ. ಒಲೀ ಮಾತ್ರ ನಮ್ಮದು ನಮ್ಮ ಸಂಗಾಟ ಇರಲ್ರಿ" ಎಂದಳು. ಮಾಸ್ತರು ಅರ್ಥವಾಗದೆ, ಪಕ್ಕದಲ್ಲಿದ್ದ ಹೊಲದ ಯಜಮಾನನ ಮುಖ ನೋಡಿದರು. ಅವನು ಗೌಡರ ಮನೆತನದವನು. ಬಿಸಿಲು ಬಹಳ ಆಯಿತು, ನಡೀರಿ ಎಂದು ಅವರನ್ನು ಊರ ಕಡೆಗೆ ಕರೆದುಕೊಂಡು ಹೋದ.